ಬೆಳಗಿನ ನೀರು

ನಮ್ಮ ಭಾವನಿಗೆ ಕೆರೆ ಅಂದರೆ ಒಂದು ಬಕೆಟ್. ತಮಾಷೆಗೆ ಹೇಳುತ್ತಿಲ್ಲ. ಅಕ್ಕನ ಗಂಡ ಅವರು, ಊರಿನ ನೀರು ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥರೂ ಅವರೇ. ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ಬಕೆಟ್ಟಿನ ದರ್ಶನವಾಯಿತು. ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು, ಆಮೇಲೆ ದೋಣಿ ಹತ್ತುವುದು ಅಲ್ಲಿಯ ಪದ್ಧತಿ. ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಸಿ ಮೇಲಿನ ನೀರು, ನಡುವಿನ ನೀರು, ತಳದ ನೀರು ಎತ್ತುತ್ತಾರೆ. ಅಲ್ಲಿಯತನಕ ಸರಿ. ಆಮೇಲೆ ಮೂರನ್ನೂ ಒಂದೇ ಬಕೆಟ್ಟಿಗೆ ಸುರಿದು, ಸೌಟಿನಿಂದ ಚೆನ್ನಾಗಿ ತಿರುವಿ, ಅದರಲ್ಲಿ ಒಂದು ಲೋಟ ಮಾತ್ರ ಪರೀಕ್ಷೆಗೆ ಕಳಿಸುತ್ತಾರೆ. ಮೂರು ಸಲ ಮಾಡುವ ಕೆಲಸ ಒಂದೇ ಸಲಕ್ಕೆ ಮುಗಿಯಿತಲ್ಲ. ಆ ಸೋಮಾರಿತನಕ್ಕೆ ‘ಸರಾಸರಿ’ ಅಂತ ಮರ್ಯಾದೆಯ ಹೆಸರು ಬೇರೆ.

ಆ ಸೌಟು ತಿರುಗುವುದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕೆರೆ ಹಾಗೆ ಕಲಸಿಕೊಂಡು ಕೂತಿರುವುದಿಲ್ಲ. ಗಾಳಿ ಆಡದ ಬೇಸಿಗೆಯ ದಿನಗಳಲ್ಲಿ ಅದಕ್ಕೆ ಮನೆಯ ಹಾಗೆ ಅಂತಸ್ತುಗಳಿರುತ್ತವೆ. ತಳದ ಕತ್ತಲಲ್ಲಿ ಗಾಳಿಯೇ ಬೇಡದ ಬ್ಯಾಕ್ಟೀರಿಯಾಗಳು ಕೊಳೆತದ್ದನ್ನು ತಿಂದುಕೊಂಡು ಇರುತ್ತವೆ. ಮೇಲೆ, ಬೆಳಕು ಬೀಳುವಲ್ಲಿ, ಹಸಿರು ಪಾಚಿ. ಇವೆರಡರ ನಡುವೆ ಓಡಾಡಿಕೊಂಡಿರುವುದು ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿ, ಹುಟ್ಟಿನಿಂದ ಬ್ಯಾಕ್ಟೀರಿಯಾ. ಅದರ ಮೈಯೊಳಗೆ ಗಾಳಿ ತುಂಬಿದ ಪುಟಾಣಿ ಚೀಲಗಳಿವೆ. ಬಿಸಿಲು ಕುಡಿದು, ಸಕ್ಕರೆ ಕೂಡಿಟ್ಟು, ಮೈ ಭಾರವಾಗಿ ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿಯುತ್ತದೆ. ರಾತ್ರಿ ಆ ಸಕ್ಕರೆ ಕರಗಿಸಿಕೊಂಡು ಹಗುರಾಗಿ ಬೆಳಗಿಗೆ ಮತ್ತೆ ಮೇಲೆ ಬಂದು ತೇಲುತ್ತದೆ. ಅದರಲ್ಲಿ ಕೆಲವು ಜಾತಿಗಳಿಗೆ ವಿಷವಿದೆ. ಹೊಟ್ಟೆ ಕೆಡುವುದರಿಂದ ಶುರುವಾಗಿ ಲಿವರ್ ತನಕ ಹೋಗುವ ವಿಷ. ಮಧ್ಯಾಹ್ನ ಹೋದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಆ ಕೆರೆಯಲ್ಲಿ ಊರಿನ ಮಕ್ಕಳ ಈಜು ಪಂದ್ಯ ಇಟ್ಟಿದ್ದು ಬೆಳಗ್ಗೆ. ಕೆರೆ ಸುರಕ್ಷಿತವಾಗಿದೆ ಅಂತ ಭಾವ ಆಗಲೇ ಸಹಿ ಹಾಕಿ ಕೊಟ್ಟಿದ್ದರು.

ಪಂದ್ಯದ ಹಿಂದಿನ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾನೊಬ್ಬಳೇ ಹೋದೆ. ಮಕ್ಕಳು ಜಿಗಿಯುವ ಹಲಗೆಯ ಮೇಲೆ ಕೂತು, ಬಗ್ಗಿ ಬಾಟಲಿ ಅದ್ದಿದೆ. ಯಾರೋ ಹಸಿರು ಬಣ್ಣದ ಡಬ್ಬ ಉರುಳಿಸಿದ ಹಾಗಿತ್ತು ನೀರು. ಪ್ರಯೋಗಾಲಯಕ್ಕೆ ಬಂದು ಪರೀಕ್ಷೆ ಮಾಡಿದರೆ ವಿಷ ಮಿತಿ ದಾಟಿ ಎಲ್ಲಿಗೋ ಹೋಗಿತ್ತು. ಉಳಿದ ನೀರನ್ನು ಬಾಟಲಿ ಸಮೇತ ತಂದು ಭಾವನ ಮೇಜಿನ ಮೇಲೆ, ಅವರ ಕಾಫಿ ಲೋಟದ ಪಕ್ಕದಲ್ಲೇ ಇಟ್ಟೆ.

“ಏನಿದು, ಬೆಳಬೆಳಗ್ಗೆ?”

“ನಾಳೆ ಮಕ್ಕಳು ಕುಡಿಯೋ ನೀರು. ಪಂದ್ಯ ನಿಲ್ಲಿಸಿ ಅಂತ ಬರೆದುಕೊಡಿ, ಭಾವ.”

“ಈಜೋ ನೀರು ಅನ್ನು.”

“ಎಂಟೊಂಬತ್ತು ವರ್ಷದ ಮಕ್ಕಳು ಬಾಯಿ ಮುಚ್ಚಿಕೊಂಡು ಈಜ್ತಾವಾ?”

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನನಗೆ ಸ್ವಲ್ಪ ಆಸೆ ಹುಟ್ಟಿತು.

“ಸರಾಸರಿ ಮಿತಿಯೊಳಗೇ ಇದೆ,” ಅಂದರು.

“ಮಕ್ಕಳು ಸರಾಸರೀಲಿ ಈಜಲ್ಲ. ಮೇಲ್ಗಡೆ ಈಜ್ತಾರೆ.”

“ನೋಡು, ಪುರಸಭೆ ಅಧ್ಯಕ್ಷರು ಬರ್ತಿದ್ದಾರೆ, ಬ್ಯಾನರ್ ಕಟ್ಟಾಗಿದೆ. ಈಗ ಹೋಗಿ, ಇಷ್ಟು ವರ್ಷ ನಾವು ಮಾಡಿದ್ದೆಲ್ಲ ತಪ್ಪು ಅನ್ನೋಕಾಗತ್ತಾ? ನಿನ್ನೆ ಮೊನ್ನೆ ಬಂದವಳು ನೀನು. ಎಲ್ಲದಕ್ಕೂ ಮೂಗು ತೂರಿಸ್ಬೇಡ.”

ಬಾಟಲಿಯ ನೀರನ್ನು ಸಿಂಕಿಗೆ ಸುರಿದರು. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದುಕೊಂಡರು.

ಪಂದ್ಯ ನಡೆಸುವ ಈಜು ಮಾಸ್ತರರ ಹತ್ತಿರ ಓಡಿದೆ. “ನಿಮ್ಮ ಸಾಹೇಬರ ಸಹಿ ತನ್ನಿ ಮೇಡಂ, ಈಗಲೇ ನಿಲ್ಲಿಸ್ತೀನಿ,” ಅಂದರು. ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮಗಳು ಗುಬ್ಬಿಯೂ ಪಂದ್ಯದಲ್ಲಿದ್ದಳು. ರಜೆಯೆಲ್ಲ ಈಜುಕೊಳದಲ್ಲಿ ಅಭ್ಯಾಸ ಮಾಡಿದ್ದೇ ಮಾಡಿದ್ದು.

“ಆಫೀಸಿನ ಜಗಳ ಮನೆಗೆ ತರಬೇಡ ಕಣೇ,” ಅಂದಳು ಅಕ್ಕ. “ಗುಬ್ಬೀನೂ ಇಳೀತಾಳಲ್ಲ. ಅವರಪ್ಪನಿಗೆ ಗೊತ್ತಾಗಲ್ವಾ?”

ಫೋನ್ ಇಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ಗಾಳಿಯ ಸುಳಿವಿರಲಿಲ್ಲ. ಮಕ್ಕಳು ರಬ್ಬರ್ ಟೋಪಿ ಹಾಕಿಕೊಂಡು, ಚಳಿಗೆ ಕೈಕಟ್ಟಿಕೊಂಡು ಹಲಗೆಯ ಹತ್ತಿರ ಸಾಲಾಗಿ ನಿಂತಿದ್ದವು. ಭಾವ ಅಧ್ಯಕ್ಷರ ಪಕ್ಕದಲ್ಲಿ ಹಲ್ಲು ಬಿಡುತ್ತ ನಿಂತಿದ್ದರು. ಗುಬ್ಬಿಯನ್ನಾದರೂ ತಡೆಯೋಣ ಅಂತ ಹುಡುಕಿದೆ. ಸಾಲಿನಲ್ಲಿ ಇರಲಿಲ್ಲ. ದಂಡೆಯ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡು ಅಕ್ಕನ ಪಕ್ಕ ಮುಖ ಊದಿಸಿ ಕೂತಿದ್ದಳು.

“ನೆಗಡಿಯಂತೆ,” ಅಂದಳು ಅಕ್ಕ. “ನಿನ್ನೆ ಸಂಜೇನೇ ಇವರು, ಗುಬ್ಬಿ ಇಳಿಯೋದು ಬೇಡ ಅಂದ್ಬಿಟ್ರು.”

“ನಂಗೆ ನೆಗಡಿ ಇಲ್ಲ ಚಿಕ್ಕಿ. ಅಪ್ಪ ಸುಮ್ನೆ ಹೇಳ್ತಾರೆ.”

ಅಲ್ಲಿಯತನಕ ನಾನು ಭಾವನನ್ನು ಸೋಮಾರಿ, ಹಟಮಾರಿ, ಹೆಡ್ಡ ಅಂತೆಲ್ಲ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಹೆಡ್ಡರನ್ನು ಕ್ಷಮಿಸಬಹುದು. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ನನ್ನ ಒಂದೊಂದು ಮಾತನ್ನೂ ನಂಬಿದ್ದರು. ನಂಬಿ, ತನ್ನ ಮಗಳನ್ನು ಮಾತ್ರ ಎತ್ತಿಕೊಂಡು, ಊರಿನ ಮಕ್ಕಳನ್ನೆಲ್ಲ ಹಲಗೆಯ ಮೇಲೆ ಸಾಲು ನಿಲ್ಲಿಸಿದ್ದರು.

ಹೋದೆ. ಈಜು ಮಾಸ್ತರರ ಕೈಯಿಂದ ಮೈಕ್ ಕಿತ್ತುಕೊಂಡೆ. ಅಂತಸ್ತು, ಸಕ್ಕರೆ, ಗಾಳಿಚೀಲ ಯಾವುದೂ ಬಾಯಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಈ ನೀರು ಚೆನ್ನಾಗಿದೆ ಅಂತ ಸಹಿ ಹಾಕಿದವರು ಅಲ್ಲಿ ನಿಂತಿದ್ದಾರೆ. ಅವರ ಮಗಳು ಇಲ್ಲಿ ಸ್ವೆಟರ್ ಹಾಕಿ ಕೂತಿದ್ದಾಳೆ. ಯಾಕೆ ಇಳಿಸ್ಲಿಲ್ಲ ಅಂತ ಅವರನ್ನೇ ಕೇಳಿ.”

ಒಬ್ಬಳು ತಾಯಿ ಹಲಗೆಯ ತುದಿಗೆ ಹೋಗಿ ನೀರಿಗೆ ಬಗ್ಗಿ ನೋಡಿ, ಮಗನ ತೋಳು ಹಿಡಿದು ಎಳೆದುಕೊಂಡು ಬಂದಳು. ಸಾಲು ಕದಡಿತು. ಅಧ್ಯಕ್ಷರು ಭಾವನಿಂದ ಒಂದು ಹೆಜ್ಜೆ ದೂರ ಸರಿದರು. ಭಾವ ನನ್ನನ್ನು ನುಂಗುವ ಹಾಗೆ ನೋಡಿದರು.

ಆಗ ಅಕ್ಕ ಬೆಂಚಿನಿಂದ ಎದ್ದಳು. ಮಗಳ ಹಣೆ ಮುಟ್ಟಿ ನೋಡಿದಳು. ಎಲ್ಲರ ನಡುವೆ ನಡೆದು ಹೋಗಿ ಗಂಡನ ಮುಂದೆ ನಿಂತಳು.

“ನೆಗಡಿ ಅಂದ್ರಲ್ಲ ನೀವು?”

ಭಾವ ಅವಳ ಮುಖ ನೋಡಲಿಲ್ಲ. ಒಂದು ಮಗುವೂ ನೀರಿಗಿಳಿಯದ ಆ ದಂಡೆಯಲ್ಲಿ, ತಾಯಂದಿರು ಒಬ್ಬೊಬ್ಬರೇ ಅಕ್ಕನ ಹಿಂದೆ ಬಂದು ನಿಂತು ಉತ್ತರಕ್ಕೆ ಕಾದರು.