ಮದುವೆಗೆ ಒಳ್ಳೆ ಚಪ್ಪಲಿ, ಮೀನು ಮಾರಲು ಸವೆದ ಚಪ್ಪಲಿ

ಕುದ್ರೋಳಿಯಲ್ಲಿ ಮನೆಮನೆಗೆ ಮೀನು ತರುವ ಸುಂದರಿಯಕ್ಕನಿಗೆ ಮೂರು ತಿಂಗಳಿಂದ ಮೊಣಕಾಲು ನೋವು. ಮಗ ಕಮಲೇಶನದು ಒಂದೇ ಹಟ: "ಇನ್ನು ಸಾಕಮ್ಮ, ಮನೆಯಲ್ಲಿ ಕೂತ್ಕೊ." ಆ ಮಾತು ಕೇಳಿದರೆ ಅವಳಿಗೆ ನೋವಿಗಿಂತ ಹೆಚ್ಚು ಸಂಕಟ. ಮೂವತ್ತು ವರ್ಷ ಬೀದಿ ಸುತ್ತಿದವಳು ಮನೆಯಲ್ಲಿ ಕೂತು ಯಾರ ಹತ್ತಿರ ಚೌಕಾಸಿ ಮಾಡಬೇಕು?

ಒಂದು ದಿನ ಖಾಯಂ ಗಿರಾಕಿ ಶರೀಫಾಳ ಮನೆಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದವಳೇ "ಅಯ್ಯೋ ದೇವರೇ" ಎಂದು ಕುಳಿತುಬಿಟ್ಟಳು. ಶರೀಫಾಳ ಮಗಳು ಮರ್ವಾ ಫಿಸಿಯೋಥೆರಪಿಸ್ಟ್. ಅವಳು ಬುಟ್ಟಿಯ ಬಂಗುಡೆ ನೋಡಲಿಲ್ಲ. ಕೆಳಗೆ ಬಿಟ್ಟಿದ್ದ ಹವಾಯಿ ಚಪ್ಪಲಿಯನ್ನು ಎತ್ತಿ ಮಗುಚಿ ನೋಡಿದಳು.

"ಸುಂದರಿಯಕ್ಕ, ಇದು ಎಷ್ಟು ವರ್ಷದ್ದು?"

"ಎರಡು ಆಗಿರಬಹುದು. ಬಾರು ಮೂರು ಸಲ ಬದಲಿಸಿದ್ದೇನೆ. ಅಡಿ ಗಟ್ಟಿ ಉಂಟು."

"ಎಂತ ಗಟ್ಟಿ? ಹಿಮ್ಮಡಿಯ ಒಂದು ಬದಿ ಪೂರ್ತಿ ಸವೆದಿದೆ. ಹೆಜ್ಜೆ ಹಾಕುವಾಗ ಪಾದ ವಾಲ್ತದೆ, ಅದರ ಪೆಟ್ಟು ಮೊಣಕಾಲಿಗೆ. ಚಪ್ಪಲಿ ಜಾರದ ಹಾಗೆ ಬೆರಳಲ್ಲೇ ಹಿಡ್ಕೊಂಡು ಬೇರೆ ನಡೀತೀರಿ."

ಸುಂದರಿ ಸುಲಭಕ್ಕೆ ಒಪ್ಪುವವಳಲ್ಲ. "ನನ್ನ ಅತ್ತೆ ಬರಿಗಾಲಲ್ಲೇ ಉರ್ವದವರೆಗೆ ಹೋಗಿ ಮೀನು ಮಾರಿದವರು, ಮಾರಾಯ್ತಿ!"

"ಅವರು ನಡೆದದ್ದು ಮಣ್ಣಿನ ದಾರಿಯಲ್ಲಿ. ಈಗ ಎಲ್ಲ ಕಾಂಕ್ರೀಟ್ ಅಲ್ವಾ? ಮನೆಯಲ್ಲಿ ಬೇರೆ ಚಪ್ಪಲಿ ಇಲ್ವಾ?"

"ಇಲ್ಲದೆ ಎಂತ! ಕಮಲೇಶ ತಂದ ಸ್ಯಾಂಡಲ್ ಉಂಟು. ಹಿಂದೆ ಪಟ್ಟಿ ಎಲ್ಲ ಉಂಟು. ಮದುವೆಗೆ ಹಾಕ್ತೇನೆ. ಮೀನಿನ ನೀರು ಬಿದ್ದರೆ ಹಾಳಾಗುದಿಲ್ವಾ?"

"ಮದುವೆಯಲ್ಲಿ ಎಷ್ಟು ನಡೀತೀರಿ?"

ಸುಂದರಿ ಯೋಚಿಸಿದಳು. "ಹಾಲ್‌ನ ಬಾಗಿಲಿಂದ ಊಟದ ಮೇಜಿನವರೆಗೆ."

ಶರೀಫಾ ಬಿದ್ದು ಬಿದ್ದು ನಕ್ಕಳು. ಮರ್ವಾ ಅಮ್ಮನತ್ತ ತಿರುಗಿದಳು. "ಉಮ್ಮ, ನೀವು ನಗಬೇಡಿ. ಅಣ್ಣ ದುಬೈಯಿಂದ ತಂದ ಹೈಹೀಲ್ಸ್ ಹಾಕಿ ಮಾರ್ಕೆಟಿಗೆ ಹೋಗುವುದು ಯಾರು? ಹಿಮ್ಮಡಿ ಎತ್ತರ ಆದರೆ ಭಾರ ಮುಂದಕ್ಕೆ ಬೀಳ್ತದೆ. ಬೆರಳು, ಮೊಣಕಾಲು, ಸೊಂಟ ಎಲ್ಲದಕ್ಕೂ ಕಷ್ಟ." ಶರೀಫಾಳ ನಗು ಅಲ್ಲಿಗೇ ನಿಂತಿತು. ಈಗ ನಗುವ ಸರದಿ ಸುಂದರಿಯದು.

ಮರುದಿನ ಸುಂದರಿ ಸ್ಯಾಂಡಲ್ ಹಾಕಿಕೊಂಡೇ ಬಂದಳು. ಡಾಕ್ಟರಿಗೆ ಮೊಣಕಾಲು ತೋರಿಸಿದಳು, ಮರ್ವಾ ಕಲಿಸಿದ ವ್ಯಾಯಾಮವನ್ನೂ ಮಾಡಿದಳು. ಎರಡು ತಿಂಗಳಾಗುವಾಗ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗಿರಲಿಲ್ಲ. ಕಮಲೇಶ ಮತ್ತೆ ಮನೆಯಲ್ಲಿ ಕೂರುವ ಮಾತೆತ್ತಲಿಲ್ಲ. ಸಂಜೆ ಅಮ್ಮನ ಸ್ಯಾಂಡಲ್ ತೊಳೆದು ಒಣಗಲು ಇಡುವುದು ಈಗ ಅವನದೇ ಕೆಲಸ.

ಓದುಗರೇ, ನಿಮ್ಮ ಚಪ್ಪಲಿಯ ಅಡಿಯನ್ನೂ ಒಮ್ಮೆ ನೋಡಿ. ಒಂದೇ ಬದಿ ಸವೆದಿದ್ದರೆ ಬದಲಿಸಿ. ಹಿಮ್ಮಡಿ ತಗ್ಗಿರಲಿ, ಬೆರಳಿಗೆ ಜಾಗವಿರಲಿ, ಒದ್ದೆ ನೆಲದಲ್ಲಿ ಜಾರದಿರಲಿ. ನೋವು ಬಿಡದಿದ್ದರೆ ತಡಮಾಡದೆ ಡಾಕ್ಟರನ್ನು ಕಾಣಿ. ಮತ್ತೆ, ನಿಮ್ಮಲ್ಲಿರುವ ಒಳ್ಳೆಯ ಚಪ್ಪಲಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ನೀವು ಹೆಚ್ಚು ನಡೆಯುವ ದಿನವೇ ಅದನ್ನು ಹಾಕಿಕೊಳ್ಳಿ.