ಕೆಂಪು ಬಟನ್

ಚಿಕ್ಕಿ ಕಿಟಕಿಯ ಪಕ್ಕ ಕೂತು ಮಗುವಿನ ಕೋಟಿಗೆ ಕಿತ್ತುಹೋದ ಗುಂಡಿ ಹೊಲಿಯುತ್ತಿದ್ದಳು. ಅಕ್ಕ ಬಚ್ಚಲಲ್ಲಿದ್ದಳು, ಭಾವ ಬಾಗಿಲ ಬಳಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದರು. ಇನ್ನೊಂದು ಸಲ ಸೂಜಿ ಚುಚ್ಚಿದರೆ ಮುಗಿಯಿತು ಅನ್ನುವಾಗ ಗೋಡೆಯ ಬುಡದಲ್ಲಿ ‘ಟಕ್’ ಅಂತ ಸದ್ದಾಯಿತು. ಚಿಕ್ಕಿಯ ಕೈ ಸೂಜಿ ಸಮೇತ ಗಾಳಿಯಲ್ಲೇ ನಿಂತಿತು. ಭಾವನ ಬ್ರಷ್ಷು ಶೂವಿನ ಮೂತಿಯ ಮೇಲೆ ನಿಂತಿತು. ಬಚ್ಚಲಲ್ಲಿ ನೀರಿನ ಸದ್ದೂ ನಿಂತಿತು.

ಕೆಂಪು ಬಟನ್ ಒತ್ತಿದ ಮೇಲೆ ಯಾರೂ ಅಲ್ಲಾಡುವಂತಿಲ್ಲ. ಅದು ಆ ಮನೆಯ ಕಾನೂನು.

ಭಾವ ಲಿಫ್ಟ್ ರಿಪೇರಿ ಮಾಡುವವರು. ಕೆಡವುತ್ತಿದ್ದ ಯಾವುದೋ ಕಟ್ಟಡದಿಂದ ಹಳೇ ಲಿಫ್ಟಿನ ಬಟನ್ ಹಲಗೆ ಕಿತ್ತು ತಂದು, ಮಗಳ ಎತ್ತರಕ್ಕೆ ಸರಿಯಾಗಿ ಗೋಡೆಗೆ ಬಿಗಿದಿದ್ದರು. “ಬೇರೆ ಮಕ್ಕಳ ಅಪ್ಪಂದಿರು ಗೊಂಬೆ ತರ್ತಾರೆ, ನೀವು ಗುಜರಿ ತನ್ನಿ,” ಅಂತ ಅಕ್ಕ ಮೂಗು ಮುರಿದಿದ್ದಳು. ಆದರೆ ಎರಡು ವರ್ಷ ತುಂಬದ ಮಗಳು ಇದ್ದಬದ್ದ ಗೊಂಬೆಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ಆ ಹಲಗೆಗೇ ಅಂಟಿಕೊಂಡಳು. ಅಂದಿನಿಂದ ಅವಳ ಹೆಸರು ಇನ್ಸ್‌ಪೆಕ್ಟ್ರಮ್ಮ. ಅವಳು ಕೆಂಪು ಬಟನ್ ಒತ್ತಿದರೆ ಎಲ್ಲರೂ ಕಲ್ಲಾಗಬೇಕು. ಒಬ್ಬೊಬ್ಬರ ಮೂಗು ಮುಟ್ಟಿ ನೋಡಿ, ಅವಳು ‘ಟಿಂಗ್’ ಅಂದರಷ್ಟೇ ಬಿಡುಗಡೆ. ಈ ಆಟ ಕಲಿಸಿದ್ದು ಭಾವನೇ.

ಇನ್ಸ್‌ಪೆಕ್ಟ್ರಮ್ಮ ಪುಟುಪುಟು ಬಂದು ಚಿಕ್ಕಿಯ ಮೂಗು ಮುಟ್ಟಿದಳು. ಅಪ್ಪನ ಮೂಗು ಮುಟ್ಟಿದಳು. ಇನ್ನೊಂದು ಮೂಗು ಎಲ್ಲಿ ಅಂತ ಸುತ್ತ ಹುಡುಕಿದಳು.

“ಲೇ, ಮೈಯೆಲ್ಲಾ ಸೋಪಿದೆ ಕಣೇ! ಟಿಂಗ್ ಅನ್ನೇ ತಾಯಿ!” ಬಚ್ಚಲಿನಿಂದ ಅಕ್ಕ ಕೂಗಿದಳು.

“ಟಿಂಗ್,” ಅಂದಿತು ಸರ್ಕಾರ. ನೀರು ಮತ್ತೆ ಸುರಿಯಿತು.

ಅವತ್ತಿನ ತಿರುಗಾಟ ಚಿಕ್ಕಿಗೋಸ್ಕರವೇ ಇಟ್ಟುಕೊಂಡದ್ದು. ಅಕ್ಕ ಬೇಕರಿಯ ಕೆಲಸಕ್ಕೆ ವಾಪಸು ಹೋಗಬೇಕಾದಾಗ ಮಗು ನೋಡಿಕೊಳ್ಳಲು ಊರಿನಿಂದ ಈ ಪರದೇಶಕ್ಕೆ ಬಂದವಳು ಅವಳು. ಈಗ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಕ್ಕಿತ್ತು, ನಾಳೆ ಅವಳ ವಿಮಾನ. ಬಂದಾಗಿನಿಂದ ಚಿಕ್ಕಿ ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಊರಲ್ಲಿ ಸ್ಕೂಲು ಬಿಡಿಸಿದಾಗಲೂ ಹಾಗೇ, “ಪರ್ವಾಗಿಲ್ಲ” ಅಂದು ಪುಸ್ತಕದ ಚೀಲವನ್ನು ಮೊಳೆಗೆ ನೇತುಹಾಕಿದ್ದಳು. ಆದರೆ ಫೋನು ಮಾಡಿದಾಗಲೆಲ್ಲ ಅಮ್ಮ ಒಂದೇ ಮಾತು ಕೇಳುತ್ತಿದ್ದಳು: “ಸಮುದ್ರ ನೋಡಿದ್ಯೇನೇ? ಹೆಂಗಿರುತ್ತೇ ಅದು?” ಅಮ್ಮನೂ ನೋಡಿರಲಿಲ್ಲ. ಸಮುದ್ರದ ಪಕ್ಕದ ಊರೇ ಆದರೂ ಇವರಿದ್ದ ಕಡೆ ಬಂದರಿನ ಗೋಡೆ ಅಡ್ಡ. ಕ್ರೇನುಗಳ ಕತ್ತು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೊನೆಗೆ ಒಂದು ದಿನ ಚಿಕ್ಕಿ ಪಾತ್ರೆ ಒರೆಸುತ್ತಾ, ಪಾತ್ರೆಗೇ ಹೇಳುವವಳ ಹಾಗೆ ಕೇಳಿದ್ದಳು: “ಭಾವ, ಆ ಗೋಪುರದ ಮೇಲಿಂದ ಸಮುದ್ರ ಪೂರ್ತಿ ಕಾಣುತ್ತಂತೆ, ಹೌದಾ?”

ಭಾವ ಅವತ್ತೇ ರಜೆ ಹಾಕಿದ್ದರು.

ಊರು ನೋಡಲು ಬರುವವರೆಲ್ಲ ಲಿಫ್ಟಿನಲ್ಲಿ ಹತ್ತುವ ಆ ಗೋಪುರದ ಬುಡದಲ್ಲಿ ಸಾಲೋ ಸಾಲು. ಅವರ ಸರದಿ ಬರುವಷ್ಟರಲ್ಲಿ ಮಗು ಎರಡು ಬಿಸ್ಕತ್ತು ತಿಂದು, ಮೂರನೆಯದನ್ನು ಮುಂದಿದ್ದ ಹೆಂಗಸಿನ ದೊಡ್ಡ ಟೋಪಿಯ ಮೇಲೆ ಇಟ್ಟಿತ್ತು. ಆ ಹೆಂಗಸಿಗೆ ಗೊತ್ತಾಗಲಿಲ್ಲ. ಚಿಕ್ಕಿಗೆ ಗೊತ್ತಿತ್ತು. ಆದರೆ ಅದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದು? ಟೋಪಿ ಬಿಸ್ಕತ್ತಿನ ಸಮೇತ ಲಿಫ್ಟಿನೊಳಗೆ ನಡೆಯಿತು. ಹಿಂದೆಯೇ ಕೋಲು ಹಿಡಿದ ಒಬ್ಬ ಅಜ್ಜ, ಒಂದು ಹರೆಯದ ಜೋಡಿ, ಆಮೇಲೆ ಇವರು.

ಲಿಫ್ಟಿನಲ್ಲಿ ಭಾವ ಯಾವಾಗಲೂ ಬಟನ್‌ಗಳಿಗೆ ಬೆನ್ನು ಕೊಟ್ಟು ನಿಲ್ಲುವವರು. ಮಗಳ ಬುದ್ಧಿ ಅವರಿಗೆ ಗೊತ್ತು. ಅವತ್ತು ಮಾತ್ರ ಉಮೇದು ಹೆಚ್ಚಾಗಿತ್ತು.

“ಚಿಕ್ಕಿ, ಮೇಲೆ ನೋಡು. ಈ ಚಾವಣಿಯಿಂದಾಚೆ ಎಂಟು ಹಗ್ಗ ಇವೆ, ಉಕ್ಕಿಂದು. ಏಳು ಕಡಿದ್ರೂ ಎಂಟನೇದು ಹಿಡ್ಕೊಳ್ಳುತ್ತೆ.”

“ರೀ, ಒಳ್ಳೆ ಕೆಲ್ಸಕ್ಕೆ ಹೊರಟಾಗ ಕಡಿಯೋ ಮಾತು ಯಾಕ್ರೀ?” ಅಂದಳು ಅಕ್ಕ.

ಚಿಕ್ಕಿ ಮೇಲೆ ನೋಡಿದಳು. ಅಕ್ಕನೂ ನೋಡಿದಳು. ಭಾಷೆ ತಿಳಿಯದಿದ್ದರೂ ಅಜ್ಜನೂ ಕತ್ತೆತ್ತಿದ. ಚಿಕ್ಕಿಯ ಸೊಂಟದ ಮೇಲಿದ್ದ ಇನ್ಸ್‌ಪೆಕ್ಟ್ರಮ್ಮ ಒಬ್ಬಳೇ ಎದುರಿಗೆ ನೋಡುತ್ತಿದ್ದದ್ದು. ಅವಳು ಬಗ್ಗಿದಳು.

ಟಕ್.

ಲಿಫ್ಟು ಗಕ್ಕನೆ ನಿಂತಿತು. ಒಳಗಿದ್ದವರೆಲ್ಲ ನಿಂತ ಹಾಗೇ ನಿಂತರು. ಜೋಡಿಯ ಹುಡುಗ ಬಾಯಿ ತೆರೆದ ಹಾಗೇ, ಅಜ್ಜ ಕೋಲು ಎತ್ತಿದ ಹಾಗೇ. ಇನ್ಸ್‌ಪೆಕ್ಟ್ರಮ್ಮನ ಕಣ್ಣು ಅರಳಿತು. ಮನೆಯಲ್ಲಿ ಮೂರೇ ಜನ ಕಲ್ಲಾಗುತ್ತಿದ್ದರು. ಇಲ್ಲಿ ಊರಿಗೆ ಊರೇ ಕಲ್ಲು! ಕೈ ತಟ್ಟಿ ನಕ್ಕಳು.

“ಅಯ್ಯೋ ನನ್ನ ಕರ್ಮವೇ,” ಅಂದರು ಭಾವ. ಬಟನ್ನನ್ನು ಹಿಡಿದು ಆಚೆ ಎಳೆದರು. ಲಿಫ್ಟು ಮಿಸುಕಲಿಲ್ಲ. ಗೋಡೆಯೊಳಗಿಂದ ಯಾರದೋ ದನಿ ಗೊರಗೊರ ಅಂದಿತು. ಭಾವನ ಕಿವಿ ಕೆಂಪಾಯಿತು.

“ಯಾರ್ರೀ ಅದು?”

“ನಾವು ಗೂಬೆ ಅಂತ ಕರೀತೀವಲ್ಲ, ಅವ್ನು ಕಣೇ. ನಮ್ಮ ಕಂಪನಿಯವ್ನೇ. ಇವತ್ತು ಇಲ್ಲಿ ಡ್ಯೂಟಿ ಅಂತ ಕಾಣುತ್ತೆ. ಯಾರು ಒತ್ತಿದ್ದು ಅಂತ ಕೇಳ್ತಿದಾನೆ.”

“ಹೇಳಿ ಮತ್ತೆ, ನಿಮ್ಮ ಶಿಷ್ಯೆ ಅಂತ.”

ಭಾವ ಗೋಡೆಗೆ ಬಾಯಿ ಹಚ್ಚಿ ಏನೋ ಹೇಳಿದರು. ಗೋಡೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಗಂಭೀರವಾಗಿ ಇನ್ನೇನೋ ಹೇಳಿತು. ಭಾವ ಚಿಕ್ಕಿಯ ಕಡೆ ತಿರುಗಿದರೂ ಅವಳ ಮುಖ ನೋಡಲಿಲ್ಲ.

“ಮಧ್ಯದಲ್ಲಿ ನಿಂತ ಲಿಫ್ಟನ್ನ ಮೇಲಕ್ಕೆ ಬಿಡೋ ಹಾಗಿಲ್ಲ. ನಿಧಾನಕ್ಕೆ ಕೆಳಗೇ ಇಳಿಸಬೇಕು. ಪೂರ್ತಿ ಪರೀಕ್ಷೆ ಆಗೋವರೆಗೂ ಬಂದ್.”

“ಯಾರ್ರೀ ಮಾಡಿದ್ದು ಈ ಹಾಳು ರೂಲು?”

“ಇನ್ಯಾರು, ನಮ್ಮಂಥೋರೇ.”

ಲಿಫ್ಟು ನರಳುತ್ತಾ ಇಳಿಯತೊಡಗಿತು. ಟೋಪಿಯ ಹೆಂಗಸು ಹೆದರಿ ಬಿಕ್ಕಿದಳು. ಅವಳನ್ನು ನೋಡಿ ಇನ್ಸ್‌ಪೆಕ್ಟ್ರಮ್ಮನ ತುಟಿ ನಡುಗಿತು, ಮರುಕ್ಷಣ ಉಕ್ಕಿನ ಪೆಟ್ಟಿಗೆ ಒಡೆಯುವಂತೆ ಕಿರುಚಿದಳು. ಅಕ್ಕ ಎತ್ತಿಕೊಳ್ಳಲು ಬಂದರೆ ಕೊಸರಿದಳು. ಭಾವ ಶಿಳ್ಳೆ ಹಾಕಿದರೆ ಇನ್ನೂ ಜೋರಾಯಿತು.

ಹೊಸಬರೆದುರು ಸೀನಲೂ ನಾಚುವವಳು ಚಿಕ್ಕಿ. ಅಂಥವಳು ಮಗುವಿನ ಬೆರಳು ಹಿಡಿದು ತನ್ನ ಕೋಟಿನ ಗುಂಡಿಯ ಮೇಲೆ ಒತ್ತಿ, ಎಲ್ಲರಿಗೂ ಕೇಳುವ ಹಾಗೆ “ಟಕ್!” ಅಂದಳು. ಒಂದು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ಕಲ್ಲಾದಳು.

ಅಳು ಅರ್ಧಕ್ಕೆ ನಿಂತಿತು. ಇನ್ಸ್‌ಪೆಕ್ಟ್ರಮ್ಮ ಅವಳ ಮೂಗು ಮುಟ್ಟಿ, ಸುರಿಯುತ್ತಿದ್ದ ತನ್ನ ಮೂಗನ್ನು ಅವಳ ಭುಜಕ್ಕೆ ಒರೆಸಿ, “ಟಿಂಗ್” ಅಂದಳು. ಅಜ್ಜನಿಗೆ ಏನು ಅರ್ಥವಾಯಿತೋ, ತನ್ನ ಕೋಟಿನ ಗುಂಡಿ ಒತ್ತಿಕೊಂಡು ಒಂಟಿ ಕಾಲಲ್ಲಿ ಕಲ್ಲಾದ. ಅವನಿಗೂ ಟಿಂಗ್ ಆಯಿತು. ಜೋಡಿ ಪರಸ್ಪರ ಮೂಗು ಹಿಡಿದುಕೊಂಡೇ ಕಲ್ಲಾಯಿತು. ಕೊನೆಗೆ ಟೋಪಿಯ ಹೆಂಗಸು ಕಣ್ಣೊರೆಸಿಕೊಂಡು ಬಗ್ಗಿ ಮೂಗು ಚಾಚಿದಳು. ಟೋಪಿಯ ಮೇಲಿನ ಬಿಸ್ಕತ್ತು ಜಾರಿ ನೇರ ಇನ್ಸ್‌ಪೆಕ್ಟ್ರಮ್ಮನ ಕೈಗೆ ಬಿತ್ತು. ತನಗೆ ಸಲ್ಲಬೇಕಾದ ಮಾಮೂಲು ಅನ್ನುವಂತೆ ಅವಳು ಅದನ್ನು ತಿಂದಳು.

ಕೆಳಗೆ ಬಾಗಿಲು ತೆರೆದಾಗ ಒಳಗೆ ಎಲ್ಲರೂ ನಗುತ್ತಿದ್ದರು. ಹೊರಗೆ ಸಾಲಿನವರು ಬೈಯುತ್ತಾ ಚದುರುತ್ತಿದ್ದರು. ಗೇಟಿಗೆ ಸರಪಳಿ ಬೀಳುತ್ತಿತ್ತು.

ಹುಲ್ಲಿನ ಮೇಲೆ ಕೂತು ಮನೆಯಿಂದ ತಂದ ಬ್ರೆಡ್ಡು ಬಿಚ್ಚಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ. “ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ರೀ. ಅದನ್ನೂ ಮಾಡ್ಸಕ್ಕಾಗ್ಲಿಲ್ಲ.”

“ನಾಳೆ ಬೆಳಿಗ್ಗೆ ತೆಗೀತಾರೇನೋ, ಗೂಬೆನ ಕೇಳ್ತೀನಿ...” ಅಂದ ಭಾವನಿಗೇ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ.

“ಪರ್ವಾಗಿಲ್ಲ ಭಾವ,” ಅಂದಳು ಚಿಕ್ಕಿ. ಬ್ರೆಡ್ಡಿನ ಅಂಚು ಕಿತ್ತು ಮಗುವಿಗೆ ಕೊಟ್ಟಳು. ಅಮ್ಮ ಇವತ್ತೂ ಫೋನು ಮಾಡುತ್ತಾಳೆ. ಲಿಫ್ಟಿನ ಕತೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಕ್ಕು ಮುಗಿದ ಮೇಲೆ ಮತ್ತೆ ಅದನ್ನೇ ಕೇಳುತ್ತಾಳೆ.

ಸಂಜೆ ಎಲ್ಲರೂ ತಮ್ಮ ಕಟ್ಟಡದ ಲಿಫ್ಟು ಹತ್ತಿದರು. ಭಾವನ ಎರಡೂ ಕೈಯಲ್ಲಿ ಚೀಲಗಳು. ಬೆನ್ನು ಕೊಟ್ಟು ನಿಲ್ಲುವುದು ಅವರಿಗೆ ಮತ್ತೆ ಮರೆತಿತ್ತು. ಚಿಕ್ಕಿಯ ತೋಳಿನಿಂದ ಇನ್ಸ್‌ಪೆಕ್ಟ್ರಮ್ಮ ಮೇಲಕ್ಕೆ ಚಾಚಿ, ಎಲ್ಲಕ್ಕಿಂತ ಮೇಲಿನ ಬಟನ್ ಒತ್ತಿದಳು. ಲಿಫ್ಟು ಅವರ ಮಹಡಿಯನ್ನು ದಾಟಿಹೋಯಿತು.

“ಇನ್ನೂ ಸಾಕಾಗ್ಲಿಲ್ವಾ ನಿಂಗೆ, ರಾಕ್ಷಸಿ?” ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಕೊನೆಯ ಮಹಡಿಗೆ ಅವರು ಯಾವತ್ತೂ ಹೋಗಿರಲಿಲ್ಲ. ಅಲ್ಲಿ ಯಾರ ಪರಿಚಯವೂ ಇರಲಿಲ್ಲ, ಕೆಲಸವಿಲ್ಲದೆ ಲಿಫ್ಟು ಹತ್ತುವುದು ಭಾವನ ಜಾಯಮಾನವೂ ಅಲ್ಲ. ಬಾಗಿಲು ತೆರೆದರೆ ಎದುರಿಗೆ ಯಾರೋ ಒಣಗಲು ಇಟ್ಟ ಛತ್ರಿ, ಒಂದು ಮುರುಕು ಸ್ಟೂಲು, ಅದರ ಹಿಂದೆ ಧೂಳು ಹಿಡಿದ ದೊಡ್ಡ ಕಿಟಕಿ. ಕಿಟಕಿಯಲ್ಲಿ ಬಂದರಿನ ಗೋಡೆ ಗೆರೆಯಷ್ಟು ತೆಳ್ಳಗೆ ಕೆಳಗಿತ್ತು. ಕ್ರೇನುಗಳೂ ಕೆಳಗಿದ್ದವು. ಅವುಗಳಾಚೆ, ಇಳಿಬಿಸಿಲಿನಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಅದು ಹರಡಿಕೊಂಡಿತ್ತು. ಅದರ ಮೇಲೆ ಒಂದು ಹಡಗು, ದೀಪ ಹಚ್ಚಿಕೊಂಡು, ಹೋಗುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ.

ಚಿಕ್ಕಿ ಹೊರಗೆ ಹೆಜ್ಜೆಯಿಟ್ಟಳು. ಹಿಂದೆ ಅಕ್ಕ ಬಂದಳು. ಭಾವ ಬಂದು ಚೀಲಗಳನ್ನು ಕೆಳಗಿಡುವುದನ್ನೂ ಮರೆತು ನಿಂತರು. ಲಿಫ್ಟಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡು ಕೆಳಗಿಳಿಯಿತು. ಯಾರೂ ಕೆಂಪು ಬಟನ್ ಒತ್ತಿರಲಿಲ್ಲ. ಆದರೂ ಯಾರೂ ಅಲ್ಲಾಡಲಿಲ್ಲ.

ಇನ್ಸ್‌ಪೆಕ್ಟ್ರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಪ್ಪನ ಮುಖ, ಅಮ್ಮನ ಮುಖ. ಕೊನೆಗೆ ಕೈ ಚಾಚಿ ಚಿಕ್ಕಿಯ ಮೂಗು ಮುಟ್ಟಿದಳು.

“ಈಗ್ಲೇ ಟಿಂಗ್ ಅನ್ಬೇಡ ಕಂದಾ,” ಅಂದಳು ಚಿಕ್ಕಿ, ಕಿಟಕಿಯಿಂದ ಕಣ್ಣು ತೆಗೆಯದೆ. “ಇನ್ನೊಂಚೂರು ಹೊತ್ತು.”