ಅಂಗೈ ಮೇಲಿನ ಕಾಲು

ಸೋಪು ಜಾರುತ್ತಿದೆ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದೇನೆ, ನಲ್ಲಿ ನಿಲ್ಲಿಸಿದರೆ ಹೊರಗೆ ಹೋಗಬೇಕು, ಹೊರಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದಾನೆ, ಅವನ ಅಂಗೈ ಮೇಲೆ ಆ ಕಾಲು — ನಾನೇ ಕರೆದದ್ದು, ಬಾರೋ ಅಣ್ಣ ನಮ್ಮ ಕೀಟ ಮ್ಯೂಸಿಯಂಗೆ, ನಾನು ಸಾಕೋ ಹುಳುಗಳನ್ನ ಒಂದ್ಸಲ ನೋಡು, ಗರಗಸ ಬೆರಳು ತಿಂದ ಮೇಲೆ ಮನೆಯಿಂದಾಚೆ ಕಾಲಿಟ್ಟವನಲ್ಲ, ಬಲಗೈ ಸದಾ ಜೇಬಿನಲ್ಲಿ, ಅತ್ತಿಗೆಯ ಮುಂದೆಯೂ, ಹಲಗೆ ಸವರಿಯೇ ಇದಿನ್ನೂ ಹಸಿ, ಬಾಗಿಲಿಗಾಗಲ್ಲ ಅನ್ನುತ್ತಿದ್ದ ಕೈ ಅದು, ಅಂಥವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದ, ನೋಡಲು ಬಂದವರ ಸಾಲಿನಲ್ಲಿ ನಿಂತ, ನಾನೋ, ದಿನದ ಗಿಳಿಪಾಠ ಶುರು ಮಾಡಿದೆ — ಇದು ಕಡ್ಡಿಹುಳು, ಕೈ ಮೇಲೆ ಬಿಡ್ತೀನಿ, ಅದಾಗೇ ಇಳಿಯೋವರೆಗೂ ಕಾಯಿರಿ, ಎಳೀಬೇಡಿ, ಎಳೆದ್ರೆ ಕಾಲು ಬಿಟ್ಟು ಹೋಗುತ್ತೆ, ಹೋದ್ರೇನಂತೆ, ಪೊರೆ ಬಿಟ್ಟಾಗ ಹೊಸದು ಬರುತ್ತೆ, ನಮಗೆಲ್ಲಿ ಆ ಭಾಗ್ಯ, ಎಲ್ಲರೂ ನಕ್ಕರು, ಹಾಳು ನಾಲಗೆ, ಆಡಿದ ಮೇಲೆ ಅವನ ಮುಖ ಕಂಡಿತು, ಅವನೂ ನಗುತ್ತಿದ್ದ, ದೊಡ್ಡದಾದ್ಮೇಲೂ ಬರುತ್ತಾ ಮೇಡಂ, ತಮಾಷೆಗೆ ಮೇಡಂ ಅಂದ, ನಾನು ಮಾತ್ರ ಗಂಭೀರವಾಗಿ, ಇಲ್ಲ ಸರ್, ಅಂದೆ, ಬೆಳೆದು ನಿಂತ ಹುಳು ಪೊರೆ ಬಿಡಲ್ಲ, ಇದೂ ಅಂಥದ್ದೇ, ಇನ್ನು ಕಾಲು ಹೋದ್ರೆ ಹೋದಂಗೇ, ಓಹೋ ಅಂದ, ಸರ್ ಅಂದೆನಲ್ಲ, ಒಡಹುಟ್ಟಿದವನಿಗೆ! — ಹುಳು ಕೈಯಿಂದ ಕೈಗೆ ಹೋಯಿತು, ಅವನ ಸರದಿ ಬಂದಾಗ ಜೇಬಿನಿಂದ ಬಲಗೈ ತೆಗೆದ, ಎಡಗೈಯಲ್ಲ, ಬಲಗೈ, ಎಲ್ಲರೆದುರು ಚಾಚಿದ, ಹುಳು ಮೆಲ್ಲಗೆ ಒಂದು ಕಾಲಿಟ್ಟಿತು, ಪಕ್ಕದ ಹೆಂಗಸು ಅಯ್ಯೋ ಅಂದಳು, ಆ ಒಂದು ಅಯ್ಯೋಗೆ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಇವನು ನಮ್ಮಣ್ಣ ಅಂತ ಯಾರಿಗೂ ಗೊತ್ತಾಗದಿರಲಿ ಅನ್ನಿಸಿತು, ಹೌದು, ಅನ್ನಿಸಿತು, ಹುಳುವನ್ನು ಸರಕ್ಕನೆ ಎಳೆದುಕೊಂಡೆ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ, ಹುಳು ನನ್ನ ಕೈಗೆ ಬಂತು, ಕಾಲು ಅವನ ಅಂಗೈಯಲ್ಲೇ ಉಳಿಯಿತು, ಅವನೇ ಹೇಳಿದ, ತಪ್ಪು ನಂದೇ, ನಾನೇ ಕೈ ಅಲುಗಿಸಿದೆ ಮೇಡಂ, ಈ ಸಲದ ಮೇಡಂ ತಮಾಷೆಯದಲ್ಲ, ನನ್ನನ್ನು ಕಾಪಾಡಲು ಅಂದದ್ದು, ಅವನಿಗೆ ಎಲ್ಲ ಗೊತ್ತಾಗಿತ್ತು — ಬಾಗಿಲು ಬಡಿಯುತ್ತಿದ್ದಾನೆ, ಪುಟ್ಟೀ, ಬಾರೇ, ಇದು ನನ್ನ ಕೈ ಬಿಡ್ತಾನೇ ಇಲ್ಲ, ಎಳೀಲಾ, ಕಾಯ್ಲಾ, ನಲ್ಲಿ ನಿಲ್ಲಿಸಿದೆ, ಬಾಗಿಲು ತೆರೆದೆ, ಎರಡೇ ಬೆರಳಿನ ಅಂಗೈ, ಅದರ ಮೇಲೆ ಆ ಕಾಲು, ಗಟ್ಟಿಯಾಗಿ ಹಿಡಿದುಕೊಂಡೇ ಇರುವ ಆ ಕಾಲು